ಬಂದೆ ಎಂಬ ಭೂತಕಾಲ

ಮಾರ್ಚ್ ತಿಂಗಳ ಒಂದು ಶನಿವಾರ, ಬೆಳಗಿನ ಹತ್ತು ಗಂಟೆ ನಲವತ್ತು ನಿಮಿಷಕ್ಕೆ, ಪುಣೆಯ ಹಳೆಯ ಕ್ಯಾಥೊಲಿಕ್ ಸ್ಮಶಾನವೊಂದರಲ್ಲಿ, ಫಾದರ್ ಲೂವಿಸ್ ಅವರು ನನಗೆ "ಬಂದೆ" ಎಂದು ಹೇಳಿ ಹೊರಟುಹೋದರು. ಗಂಟೆ ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ದೊಡ್ಡ ಕಾರಣವಿಲ್ಲ. ಹನ್ನೊಂದೂವರೆಯೊಳಗೆ ನಾನು ನಮ್ಮ ಬಡಾವಣೆ ಬಿಬವೇವಾಡಿಗೆ ಮರಳಿ ಗಿರಣಿಯಿಂದ ಜೋಳದ ಹಿಟ್ಟು ತರಬೇಕಿತ್ತು. ಆದ್ದರಿಂದ ಗಡಿಯಾರ ನೋಡಿಕೊಂಡೆ. ಆ ಹಿಟ್ಟು ಮುಂದಿನ ಬುಧವಾರದವರೆಗೆ ಗಿರಣಿಯಲ್ಲೇ ಇತ್ತು.

ಮೂವತ್ತು ವರ್ಷ ನಾನು ವಿಮಾ ಕಚೇರಿಯಲ್ಲಿ ಅಪಘಾತದ ಅರ್ಜಿಗಳನ್ನು ನೋಡುತ್ತಿದ್ದವನು. ಬೆಂಕಿ, ನೀರು, ಲಾರಿ, ಎಮ್ಮೆ, ಯಾವುದೇ ಇರಲಿ, ಮೂರು ಸಾಲಿನಲ್ಲಿ ಮುಗಿಸುವುದು ನನ್ನ ಕಸುಬು. ಅರ್ಜಿದಾರರು ನಿಂತಿದ್ದರು, ಗೋಡೆ ಬಿತ್ತು, ಕಾಲು ಮುರಿಯಿತು. ಅವರು ಎದುರಿಗೆ ಕೂತು ಅದನ್ನೇ ಮತ್ತೆ ಮತ್ತೆ ಹೇಳಲು ಹೊರಟರೆ ನಾನು ಪೆನ್ನಿನ ಟೊಪ್ಪಿಗೆ ಮುಚ್ಚಿ, ಆಯಿತು ಎಂದು ಸೂಚಿಸುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನೀವು ಪೆನ್ನು ಮುಚ್ಚಬೇಡಿ.

ಫಾದರ್ ಲೂವಿಸ್ ಮಂಗಳೂರಿನ ಕಡೆಯವರು. ವಯಸ್ಸು ಎಪ್ಪತ್ತಾರು. ಒಂದು ಮಠದಂಥ ದೊಡ್ಡ ಮನೆಯಲ್ಲಿ ಹತ್ತು ಹನ್ನೆರಡು ಪಾದ್ರಿಗಳೊಂದಿಗೆ ಇದ್ದುಕೊಂಡು ಅಲ್ಲಿನ ಹಳೆಯ ಕಾಗದಪತ್ರ ನೋಡಿಕೊಳ್ಳುತ್ತಾರೆ. ನಮ್ಮ ಪರಿಚಯವಾದದ್ದು ಶಿವಾಜಿನಗರದ ಒಂದು ಉಡುಪಿ ಹೋಟೆಲಿನಲ್ಲಿ. ನಾನು ಮಾಣಿಗೆ "ಮುಟಗಿ ಸಿಗತದೇನಪಾ?" ಎಂದು ಚೇಷ್ಟೆಗೆ ಕೇಳಿದೆ. ಉಡುಪಿ ಹೋಟೆಲಿನಲ್ಲಿ ಮುಟಗಿ ಸಿಗುವುದಿಲ್ಲವೆಂದು ನನಗೂ ಗೊತ್ತು, ಮಾಣಿಗೂ ಗೊತ್ತು. ಪಕ್ಕದ ಮೇಜಿನ ಮುದುಕರು ಮಾತ್ರ ದೋಸೆ ಬಿಟ್ಟು ಎದ್ದು ಬಂದರು.

"ಮುಟಗಿ ಅಂದರೆ ಎಂತ ಮಾರಾಯ್ರೆ? ತಿನ್ನುವುದಾ ಅದು?"

ಬಿಸಿ ರೊಟ್ಟಿಗೆ ಬೆಳ್ಳುಳ್ಳಿ, ಮೆಣಸಿನಕಾಯಿ, ಉಪ್ಪು ಹಾಕಿ ಕುಟ್ಟಿ ಮುದ್ದೆ ಮಾಡಿದ್ದು ಎಂದೆ. ಅವರು ಕುರ್ಚಿ ಎಳೆದುಕೊಂಡು ಕೂತು, ಬಹಳ ಹೊತ್ತು ತಲೆ ಆಡಿಸಿದರು. ಸುಮಾರು ನೂರೈವತ್ತು ವರ್ಷದ ಹಿಂದೆ ಇಟಲಿಯಿಂದ ಬಂದು ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಇದ್ದ ಒಬ್ಬ ಪಾದ್ರಿಯ ಪತ್ರಗಳು ಅವರ ಬಳಿ ಇದ್ದವು. ಪತ್ರ ಇಟಾಲಿಯನ್ ಭಾಷೆಯಲ್ಲಿ, ನಡುನಡುವೆ ರೋಮನ್ ಅಕ್ಷರದಲ್ಲಿ ಕನ್ನಡ ಮಾತು. ಅದರಲ್ಲಿ ಒಂದು ಕಡೆ, ಈ ಜನ ನನಗೆ ದಿನಾ ಬೆಳಗ್ಗೆ ಮುಟಗಿ ಕೊಡುತ್ತಾರೆ, ದೇವರಿಗೆ ಸ್ತೋತ್ರ, ಎಂದು ಬರೆದಿತ್ತು. ಫಾದರ್ ಲೂವಿಸ್ ನಿಘಂಟು ನೋಡಿದ್ದರು. ನಿಘಂಟಿನಲ್ಲಿ ಮುಟಿಗೆ ಎಂದರೆ ಮುಷ್ಟಿ. ದಿನಾ ಬೆಳಗ್ಗೆ ಗುದ್ದು ತಿಂದು ದೇವರನ್ನು ಸ್ತುತಿಸಿದ ಈ ಮಹಾನುಭಾವನನ್ನು ಅವರು ನಾಲ್ಕು ವರ್ಷದಿಂದ ಹುತಾತ್ಮರ ಸಾಲಿಗೆ ಸೇರಿಸಿದ್ದರು.

ಹೀಗೆ ನಾನು, ವಿಜಯಪುರ ಜಿಲ್ಲೆಯ ವ್ಯಾಪಾರಿಯ ಮಗ, ಕಾಮರ್ಸ್ ಪದವೀಧರ, ನಿವೃತ್ತ ವಿಮಾ ಅಧಿಕಾರಿ, ಕ್ಯಾಥೊಲಿಕ್ ಮಿಶನರಿಯ ಕನ್ನಡಕ್ಕೆ ದುಭಾಷಿಯಾದೆ. ನನ್ನ ಹೆಂಡತಿ ಸರೋಜಾ ಇದನ್ನು ನಂಬಲು ತಿಂಗಳು ಹಿಡಿಯಿತು. "ರಿಟಾಯರ್ ಆದ ಗಂಡಸರು ವಾಕಿಂಗ್ ಹೋಗತಾರ, ಇಲ್ಲಾ ಜಗಳಾ ಆಡತಾರ. ನಿಮಗ ಪಾದ್ರಿನೇ ಬೇಕಾತೇನ್ರಿ?" ಎಂದಳು.

ಆ ಪಾದ್ರಿಯನ್ನು ಹಳ್ಳಿಯ ಜನ ಪಾದ್ರಿ ಅಪ್ಪಾರು ಎನ್ನುತ್ತಿದ್ದರು. ಸ್ವಾಮಿಗಳನ್ನು ಕರೆಯುವ ಹಾಗೆಯೇ. ಆತ ಕಾವಿ ಉಟ್ಟ, ಮಾಂಸ ಬಿಟ್ಟ, ನೆಲದ ಮೇಲೆ ಕೂತ. ಇದೆಲ್ಲ ಕಷ್ಟವಾಯಿತೆಂದು ಎಲ್ಲೂ ಬರೆದಿಲ್ಲ. ಕಷ್ಟವಾದದ್ದು ಕನ್ನಡದ ಕ್ರಿಯಾಪದ. ಬಂದ ಹೊಸದರಲ್ಲಿ ಆತನನ್ನು ನೋಡಲು ಬಂದವರೆಲ್ಲ ಏಳುವಾಗ "ಬರ್ತೇವ್ರಿ ಅಪ್ಪಾರ" ಎಂದು ಹೇಳಿ ಹೋಗುತ್ತಿದ್ದರು. ಬರುತ್ತಾರೆಂದು ಆತ ಅವರಿಗೂ ಸೇರಿಸಿ ಅಕ್ಕಿ ಹಾಕಿ, ದೀಪ ಹಚ್ಚಿ ಕಾಯುತ್ತಿದ್ದ. ಯಾರೂ ಬರಲಿಲ್ಲ. ಇಲ್ಲಿನವರು ಒಳ್ಳೆಯವರು, ಆದರೆ ಕೊಟ್ಟ ಮಾತಿಗೆ ನಿಲ್ಲುವುದಿಲ್ಲ ಎಂದು ಅಕ್ಕನಿಗೆ ಬರೆದ. ಮುಂದೆ ತಾನೇ ಬೇರೆ ಊರಿಗೆ ಹೊರಟಾಗ, ವ್ಯಾಕರಣ ತಪ್ಪದ ಹಾಗೆ, "ನಾನು ಹೋಗುತ್ತೇನೆ" ಎಂದ. ಗೌಡರ ಮನೆಯ ಮುದುಕಿ ಬಾಯಿ ಬಡಿದುಕೊಂಡಳು. ಬದುಕಿದ್ದವರು ಹೋಗುತ್ತೇನೆ ಎನ್ನುತ್ತಾರೆಯೇ? ಆಕೆ ಅಪ್ಪಾರನ್ನು ಮತ್ತೆ ಒಳಗೆ ಕರೆದು, ಕೂಡಿಸಿ, ನೀರು ಕುಡಿಸಿ, "ಬರ್ತೇನಿ" ಎಂದು ಮೂರು ಸಲ ಹೇಳಿಸಿ ಕಳಿಸಿದಳು.

ಬರ್ತೇನಿ ಎಂದರೆ ಹೋಗುವುದು. ಇದನ್ನು ಆತ ಕಲಿತ. ಆದರೆ "ಬಂದೆ" ಎಂಬುದು ಕೊನೆಯವರೆಗೂ ಬಗೆಹರಿಯಲಿಲ್ಲ. ಆತ ಬರೆದಿಟ್ಟ, ಯಾರೂ ಅಚ್ಚು ಹಾಕದ ಕನ್ನಡ ವ್ಯಾಕರಣದಲ್ಲಿ ಭೂತಕಾಲದ ಅಧ್ಯಾಯ ಈ ಒಂದು ಮಾತಿನ ಹತ್ತಿರ ನಿಂತುಬಿಟ್ಟಿದೆ. ಕರೆದರೆ, ಬಾರದೆ ಇರುವವನು "ಬಂದೆ" ಎನ್ನುತ್ತಾನೆ. ಬಂದ ಮೇಲೆ ಹಾಗೆ ಹೇಳುವುದೇ ಇಲ್ಲ. ಆಗದೇ ಇರುವುದನ್ನು ಆಗಿಹೋಯಿತು ಎಂದು ಹೇಳುವ ಈ ಧೈರ್ಯ ಎಲ್ಲಿಂದ ಬಂತು ಎಂದು ಪಾಪ ತಲೆ ಕೆಡಿಸಿಕೊಂಡಿದ್ದಾನೆ. ಮೊದಲಿನಿಂದಲೂ ಪುಣೆಯಲ್ಲಿ ಇದ್ದಿದ್ದರೆ ಇನ್ನೂ ಕೆಡುತ್ತಿತ್ತು. ಮರಾಠಿಯವರೂ ಹೊರಡುವಾಗ "ಯೇತೋ" ಎನ್ನುತ್ತಾರೆ, ಬರುತ್ತೇನೆ ಎಂದು. ನಮ್ಮ ಓಣಿಯ ಝೆರಾಕ್ಸ್ ಅಂಗಡಿಯವನು ಗಿರಾಕಿಯನ್ನು ನಿಲ್ಲಿಸಿ "ಆಲೋ, ಆಲೋ" ಎನ್ನುತ್ತಾನೆ, ಬಂದೆ ಬಂದೆ ಎಂದು. ಹಾಗೆಂದು ಚಹಾ ಕುಡಿಯಲು ಹೋಗುತ್ತಾನೆ.

ಇಷ್ಟು ಪೀಠಿಕೆ ಸಾಕು. ಪಾದ್ರಿ ಅಪ್ಪಾರು ಕಾಯಿಲೆ ಬಿದ್ದು, ಹವೆ ಒಳ್ಳೆಯದೆಂದು ಪುಣೆಗೆ ಬಂದವರು ಇಲ್ಲೇ ತೀರಿಕೊಂಡರು. ಗೋರಿ ಎಲ್ಲಿದೆ ಗೊತ್ತಿರಲಿಲ್ಲ. ಅದರ ಮೇಲೆ ಒಂದು ಸಾಲು ಕನ್ನಡ ಕೆತ್ತಿದೆ ಎಂಬ ಮಾತಷ್ಟೇ ಪಾದ್ರಿಗಳ ನಡುವೆ ಬಾಯಿಂದ ಬಾಯಿಗೆ ಬಂದಿತ್ತು. ಫಾದರ್ ಲೂವಿಸ್ ಇದನ್ನು ಸ್ಮಶಾನ ಕಾಯುವ ಯೋಹಾನನಿಗೆ ಹೇಳಿಟ್ಟಿದ್ದರು. ಆ ಶನಿವಾರ ಬೆಳಗ್ಗೆ ಅವನು ಫೋನ್ ಮಾಡಿದ. ಹುಲ್ಲು ಕೀಳುವಾಗ ಒಂದು ಕಲ್ಲು ಸಿಕ್ಕಿದೆ, ಅದರ ಮೇಲೆ "ಜಿಲೇಬಿಸಾರಖೀ ಅಕ್ಷರಂ" ಇವೆ ಎಂದ. ಜಿಲೇಬಿಯಂಥ ಅಕ್ಷರ. ಪುಣೆಯಲ್ಲಿ ಕನ್ನಡಕ್ಕೆ ಸಿಗುವ ಮರ್ಯಾದೆ ಅದು. ನಾವಿಬ್ಬರೂ ಬೇಸರ ಮಾಡಿಕೊಳ್ಳದೆ ಆಟೋ ಹತ್ತಿದೆವು.

ಕಲ್ಲು ಸ್ಮಶಾನದ ಆ ತುದಿಗೆ. ಅದಕ್ಕೂ ನಮಗೂ ನಡುವೆ ಒಂದು ದೊಡ್ಡ ಮರ, ಅದರ ಕೊಂಬೆಗೆ ಬಾಗಿಲ ಹಲಗೆಯಷ್ಟು ಅಗಲದ ಹೆಜ್ಜೇನಿನ ಗೂಡು. ನಾನು ಅದನ್ನು ನೋಡಿದೆ. ಮೂವತ್ತು ವರ್ಷ ಅಪಾಯದ ಮೌಲ್ಯಮಾಪನ ಮಾಡಿದವನು, ನೋಡಿ, ಎಷ್ಟು ಜೇನು ಸಿಗಬಹುದು ಎಂದು ಯೋಚಿಸಿದೆ. ಬಿಸಿಲಿತ್ತು. ಫಾದರ್ ಒಂದು ಗೋರಿಯ ಮೇಲೆ ಕೂತು, ಕಪ್ಪು ಕೊಡೆಯನ್ನು ಪಕ್ಕಕ್ಕಿಟ್ಟು, ಬೂಟಿನೊಳಗೆ ಹೋದ ಹರಳು ತೆಗೆದರು. ಆಗ ಮೇಲಿನಿಂದ ಒಂದು ಹದ್ದು ಬಂದು ಗೂಡಿಗೆ ಎರಗಿ ಹೋಯಿತು. ಅದು ಹದ್ದೆಂದು ಆಮೇಲೆ ಯೋಹಾನ ಹೇಳಿದ್ದು. ನನಗೆ ಕೇಳಿದ್ದು ಮಿಕ್ಸರ್ ಹಾಕಿದಂಥ ಒಂದು ಸದ್ದು.

"ಪಳಾ ಸಾಹೇಬ, ಪಳಾ!" ಎಂದು ಯೋಹಾನ ಕೂಗಿದ. ಓಡಿ ಎಂದರ್ಥ. ನಾವು ಮೂವರೂ ಗೇಟಿನ ಪಕ್ಕದ ಅವನ ಕೋಣೆಗೆ ಓಡಿದೆವು. ತಲುಪಿದೆವು ಕೂಡ. ಮೂವರೂ ಹೊಸ್ತಿಲ ಒಳಗಿದ್ದೆವು. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ರಾತ್ರಿಯೆಲ್ಲ ನನ್ನ ತಲೆಯಲ್ಲಿ ತಿರುಗಿದ್ದು ಇದೇ. ಮೂವರೂ ಒಳಗಿದ್ದೆವು. ಆಗ ಫಾದರ್ ತಮ್ಮ ಖಾಲಿ ಕೈ ನೋಡಿಕೊಂಡರು.

"ಅಯ್ಯೋ, ಕೊಡೆ! ಅದು ಮನೆಯದ್ದು ಮಾರಾಯ್ರೆ, ನನ್ನದಲ್ಲ. ಬಂದೆ," ಎಂದು ಹೇಳಿ ಹೊರಗೆ ನಡೆದರು.

ಓಡಲೂ ಇಲ್ಲ. ನಡೆದರು. ಬಿಳಿ ನಿಲುವಂಗಿ ತೊಟ್ಟವರು ಹೇಗೆ ನಡೆಯುತ್ತಾರೋ ಹಾಗೆ. ಕೊಡೆ ಇದ್ದಲ್ಲಿಗೆ ತಲುಪುವಷ್ಟರಲ್ಲಿ ಗೂಡಿನ ಹುಳುಗಳೆಲ್ಲ ಕೆಳಗೆ ಇಳಿದಿದ್ದವು. ಅವರು ಮಾಡಿದ ಜಾಣತನವೆಂದರೆ ಮರಳಿ ಬರದೆ, ಎರಡು ಗೋರಿಗಳ ನಡುವಿನ ಸಂದಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಕೊಡೆ ಬಿಚ್ಚಿ, ಅಂಗಿಯನ್ನು ತಲೆಯ ಮೇಲೆ ಎಳೆದುಕೊಂಡದ್ದು. ಯೋಹಾನನ ಕಿಟಕಿಯ ಗಾಜಿನಿಂದ ನಮಗೆ ಕಾಣುತ್ತಿದ್ದದ್ದು ಒಂದು ಕಪ್ಪು ಕೊಡೆ. ನೋಡನೋಡುತ್ತ ಅದು ಕಂದು ಬಣ್ಣಕ್ಕೆ ತಿರುಗಿತು.

ನಾನು ಕಿಟಕಿಗೆ ಬಾಯಿ ಹಚ್ಚಿ ಕೂಗಿದೆ. "ಫಾದರ್, ಬರ್ರಿ!"

"ಬಂದೆ," ಎಂದಿತು ಕೊಡೆ.

"ಫಾದರ್!"

"ಬಂದೆ ಮಾರಾಯ್ರೆ, ಬಂದೆ."

ಮೂರನೆಯ ಸಲ ಕೂಗಿದೆ. ಕೊಡೆ ಏನೂ ಹೇಳಲಿಲ್ಲ.

ಆ ಹೊತ್ತಿನಲ್ಲಿ ನಾನು ಮಾಡಿದ ಘನಕಾರ್ಯವನ್ನೂ ಹೇಳಿಬಿಡುತ್ತೇನೆ. ಅಗ್ನಿಶಾಮಕದವರಿಗೆ ಫೋನ್ ಮಾಡಿದೆ. ಮೂವತ್ತೈದು ವರ್ಷದಿಂದ ಪುಣೆಯಲ್ಲಿದ್ದೇನೆ, ಮರಾಠಿಯಲ್ಲಿ ಸಾಹೇಬರನ್ನು ನಗಿಸಿದ್ದೇನೆ, ಹೆಣ್ಣು ನೋಡಲು ಹೋದ ಗೆಳೆಯರ ಪರವಾಗಿ ಮಾತಾಡಿದ್ದೇನೆ. ಮರಾಠಿಯಲ್ಲಿ ಮಾಶೀ ಎಂದರೆ ನೊಣ, ಮಾಸಾ ಎಂದರೆ ಮೀನು, ಜೇನುಹುಳು ಮಧಮಾಶೀ. ಇದು ನನಗೆ ಗೊತ್ತು. ಆದರೆ ಅವತ್ತು ಬಾಯಿಂದ ಬಂದದ್ದು, ಮಧಾಚೇ ಮಾಸೇ ಮೈಮೇಲೆ ಬಿದ್ದಿವೆ, ಬೇಗ ಬನ್ನಿ, ಎಂದು. ಜೇನಿನ ಮೀನುಗಳು.

ಆ ಕಡೆಯವರು "ಮಾಸೇ? ಕುಠೇ, ನದೀತ?" ಎಂದು ಕೇಳಿದರು. ಮೀನೇ, ಎಲ್ಲಿ, ನದಿಯಲ್ಲೇ ಎಂದು. ಅಲ್ಲ, ಸ್ಮಶಾನದಲ್ಲಿ ಎಂದೆ. ಯೋಹಾನ ಫೋನ್ ಕಿತ್ತುಕೊಂಡ. ಮಾತಾಡಿ ಮುಗಿಸಿ, ಒಣಗಿದ ಹೂಮಾಲೆಗಳನ್ನೂ ತರಗೆಲೆಯನ್ನೂ ಬಕೆಟ್ಟಿಗೆ ತುಂಬಿ ಬೆಂಕಿ ಹಚ್ಚಿ, ಗೋಣಿಚೀಲ ಹೊದ್ದು, ಆ ಹೊಗೆಯ ಬಕೆಟ್ಟನ್ನು ಕೊಡೆಯ ಹತ್ತಿರ ಇಟ್ಟು ಬಂದ. ಬಂದು ನನ್ನ ಮುಖ ನೋಡಿ, ಊದಿಕೊಂಡ ತುಟಿಯಲ್ಲೇ, "ಮಾಸೇ!" ಎಂದ. ಇಡೀ ಸಂಕಟದಲ್ಲಿ ನಕ್ಕವನು ಅವನೊಬ್ಬನೇ.

ಅಗ್ನಿಶಾಮಕದವರು ಬಂದು ನೀರು ಹಾರಿಸಿ ಫಾದರ್ ಅವರನ್ನು ಎತ್ತಿ ಆಸ್ಪತ್ರೆಗೆ ಒಯ್ದರು. ಅಲ್ಲಿ ಅವರ ಗುರುತು ಸಿಗುತ್ತಿರಲಿಲ್ಲ. ಕಣ್ಣು ಇದ್ದ ಜಾಗದಲ್ಲಿ ಎರಡು ಗೆರೆ. ವಿಷ ಬಹಳ ಏರಿದೆ, ಮೂತ್ರಪಿಂಡಕ್ಕೆ ಪೆಟ್ಟಾಗಬಹುದು, ವಯಸ್ಸೂ ಆಗಿದೆ, ಕಾದು ನೋಡೋಣ ಎಂದರು ಡಾಕ್ಟರು. ಮಠದ ಮನೆಯವರು ಬರುವವರೆಗೆ ನಾನೇ ಇದ್ದೆ. ಪೇಷಂಟಿಗೆ ನೀವೇನಾಗಬೇಕು ಎಂದು ನರ್ಸ್ ಕೇಳಿದಳು. ಕನ್ನಡ ಎಂದೆ. ಅವಳು ಹಾಗೆಯೇ ಬರೆದುಕೊಂಡಳು.

ಎರಡು ದಿನ ಅವರು ಮಾತಾಡಲಿಲ್ಲ. ಮೂರನೆಯ ದಿನ ನಾನು ಹೋದಾಗ ಒಂದು ಗೆರೆ ತುಸು ತೆರೆಯಿತು. "ಕೊಡೆ ಉಂಟಾ?" ಎಂದರು. ಉಂಟು ಎಂದೆ. ಸುಳ್ಳು. ಅದರ ಬಟ್ಟೆಯನ್ನು ನೀರಿನ ಪೈಪು ಹರಿದುಹಾಕಿತ್ತು.

ಅವರು ಬದುಕಿದರು. ಕಥೆ ಇಲ್ಲಿಗೆ ಮುಗಿಯಬೇಕಿತ್ತು. ನಾನು ಪೆನ್ನು ಮುಚ್ಚುತ್ತಿದ್ದದ್ದು ಇಲ್ಲಿಯೇ. ಆದರೆ ಫಾದರ್ ಗುಣವಾಗುತ್ತ ಬಂದ ಹಾಗೆ ನನಗೆ ನಿದ್ದೆ ಹೋಯಿತು. ಫ್ರಿಜ್ ಗುಂಯ್ ಎಂದರೆ ಎದ್ದು ಕೂಡುತ್ತಿದ್ದೆ. ಚಟ್ನಿ ಮಾಡುವ ಮುಂಚೆ ಸರೋಜಾ ಅಡಿಗೆಮನೆಯಿಂದ ಘೋಷಣೆ ಮಾಡತೊಡಗಿದಳು: "ಮಿಕ್ಸರ್ ಹಚ್ಚಾಕತ್ತೀನ್ರಿ, ಹೆದರಬ್ಯಾಡ್ರಿ, ಇದು ನಂದೇ!" ಸದ್ದಾದರೂ ಪರವಾಗಿಲ್ಲ. ನನಗೆ ತಡೆಯಲಾಗದೆ ಹೋದದ್ದು ಯಾರಾದರೂ "ಬಂದೆ" ಎಂದು ಹೇಳಿ ಬಾಗಿಲು ದಾಟುವುದು. ಒಮ್ಮೆ ಅವಳು "ಹಿಂಗ ಹೋಗಿ ಹಂಗ ಬಂದೆ" ಎಂದು ಕೆಳಗಿಳಿದಳು. ನಾನು ಬನಿಯನ್ನಿನಲ್ಲೇ ಹಿಂದೆ ಓಡಿದೆ. ತರಕಾರಿ ಗಾಡಿಯ ಮುಂದೆ, ನಾಲ್ಕು ಜನರ ಎದುರಿಗೆ, ಅವಳು ಸೊಂಟಕ್ಕೆ ಕೈಯಿಟ್ಟು ನಿಂತಳು. "ಕೊತ್ತಂಬರಿ ತರಾಕ ಬಂದೀನ್ರಿ, ಯುದ್ಧಕ್ಕಲ್ಲ. ಒಳಗ ನಡೀರಿ, ಅಂಗಿ ಹಾಕ್ಕೋರಿ."

ರಾತ್ರಿ ಮಾಡಲು ಬೇರೆ ಕೆಲಸವಿಲ್ಲದೆ ಪಾದ್ರಿ ಅಪ್ಪಾರ ಪತ್ರಗಳನ್ನು ಮತ್ತೆ ಓದಿದೆ. ಫಾದರ್ ಇಂಗ್ಲಿಷಿಗೆ ಮಾಡಿ ಟೈಪಿಸಿದ ಪ್ರತಿ ನನ್ನಲ್ಲಿತ್ತು. ಅದರಲ್ಲಿ ಇಲ್ಲದ ಗಂಡಾಂತರವಿಲ್ಲ. ಹೊಳೆಯಲ್ಲಿ ಹರಿಗೋಲು ಮಗುಚಿತು, ಕಳ್ಳರು ಕುದುರೆ ಒಯ್ದರು, ಕಾಲರಾದಲ್ಲಿ ಅರ್ಧ ಓಣಿ ಬರಿದಾಯಿತು. ಎಲ್ಲವೂ ಒಂದೊಂದು ಸಾಲು. ಅದರ ಮುಂದಿನ ಸಾಲು ಸಾಮಾನ್ಯವಾಗಿ ಬದನೆಕಾಯಿಯ ಮೇಲೆ. ಎಷ್ಟು ಚೆನ್ನಾಗಿ ಮಲಗುತ್ತಿದ್ದನಪ್ಪ ಈ ಮನುಷ್ಯ ಎಂದು ಹೊಟ್ಟೆ ಉರಿಯಿತು. ವಿಮಾ ಕಚೇರಿಯಲ್ಲಿ ಇಂಥವರು ಸಿಕ್ಕಿದ್ದರೆ ನಾನು ನಾಲ್ಕು ಗಂಟೆಗೇ ಮನೆಗೆ ಬರುತ್ತಿದ್ದೆ.

ಆಮೇಲೆ ಹಾವಿನ ಪ್ರಸಂಗ ಬಂತು. ಮೊದಲ ಸಲ ಓದಿದಾಗ ಇದನ್ನು ನಾನು ಗಮನಿಸಿಯೇ ಇರಲಿಲ್ಲ. ಒಂದು ಪತ್ರದಲ್ಲಿ ಅಪ್ಪಾರು, ನಿನ್ನೆ ದಿಂಬಿನ ಕೆಳಗೆ ನಾಗರಹಾವು ಇತ್ತು ಎಂದು ಅಕ್ಕನಿಗೆ ಬರೆಯುತ್ತಾರೆ. ಮುಂದಿನ ಸಾಲು, ಮಾವಿನ ಹಣ್ಣು ಬಂದಿವೆ. ಹಡಗು ಹೋಗಿ ಹಡಗು ಬರಬೇಕು. ವರ್ಷದ ಮೇಲೆ ಇನ್ನೊಂದು ಪತ್ರದಲ್ಲಿ ಅಕ್ಕನ ಯಾವುದೋ ಪ್ರಶ್ನೆಗೆ ಉತ್ತರವಿದೆ. ಯಾವ ಹಾವು? ನೆನಪಾಗುತ್ತಿಲ್ಲ. ಹಾ, ಅದೇ? ಅದನ್ನು ಅವತ್ತೇ ಆಳು ಹೊಡೆದ. ನಾನು ಬರೆಯಲಿಲ್ಲವೇ?

ಬರೆದಿರಲಿಲ್ಲ. ಅಕ್ಕನ ಪತ್ರಗಳನ್ನು ಯಾರೂ ಉಳಿಸಿಲ್ಲ. ಮಿಶನರಿಗಳು ಬರೆದದ್ದು ಮಠಗಳಲ್ಲಿ, ಪೆಟ್ಟಿಗೆಗಳಲ್ಲಿ, ಜೋಪಾನವಾಗಿದೆ. ಅವರಿಗೆ ಬಂದದ್ದು ಒಲೆ ಸೇರಿತೋ ಗೆದ್ದಲು ತಿಂದಿತೋ. ಆದರೆ ಲೆಕ್ಕ ಹಾಕಿ ನೋಡಿ. ಆ ಹಾವು ನಮ್ಮ ಹಳ್ಳಿಯಲ್ಲಿ ಬದುಕಿದ್ದು ಒಂದು ದಿನ. ಇಟಲಿಯ ಯಾವುದೋ ಊರಿನಲ್ಲಿ, ಒಬ್ಬ ಹೆಂಗಸಿನ ದಿಂಬಿನ ಕೆಳಗೆ, ಒಂದು ವರ್ಷಕ್ಕಿಂತ ಹೆಚ್ಚು. ಅಪ್ಪಾರು ಮಾವಿನ ಹಣ್ಣು ತಿನ್ನುತ್ತಿದ್ದಾಗೆಲ್ಲ ಆಕೆ ಎದ್ದು ಕೂತು ದಿಂಬು ಸರಿಸಿ ನೋಡುತ್ತಿದ್ದಳು. ಇಷ್ಟು ದಿನ ನಾನು ತಪ್ಪು ಮನುಷ್ಯನ ಪರವಾಗಿ ಓದುತ್ತಿದ್ದೆ ಎನಿಸಿತು.

ಈ ನಡುವೆ ಆ ಕಲ್ಲಿನ ಸಂಗತಿಯೂ ತಿಳಿಯಿತು. ಯೋಹಾನ ಅದನ್ನು ತೊಳೆದು, ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿದ. ಅದು ಪಾದ್ರಿಯದಲ್ಲ. ಬ್ರಿಟಿಷ್ ಪಲ್ಟನ್ನಿನ ಬ್ಯಾಂಡ್ ಮಾಸ್ತರನೊಬ್ಬನದು. ಹೆಸರಿನ ಕೆಳಗೆ ಐದು ಗೆರೆ ಎಳೆದು, ಅವನ ವಾದ್ಯಸಂಗೀತದ ಸ್ವರಲಿಪಿ ಕೆತ್ತಿದ್ದರು. ಮೊದಲಿಗೆ ಒಂದು ಸುರುಳಿ ಚಿಹ್ನೆ. ನ್ಯಾಯವಾಗಿ ಹೇಳಬೇಕೆಂದರೆ, ಜಿಲೇಬಿಯಂತೆಯೇ ಇದೆ. ಯೋಹಾನನ ಮೇಲೆ ಸಿಟ್ಟು ಬರಲಿಲ್ಲ. ಜೇನನ್ನು ಮೀನು ಮಾಡಿದವನು ಸಿಟ್ಟು ಮಾಡಲು ಯೋಗ್ಯನಲ್ಲ.

ಏಪ್ರಿಲ್ ಕೊನೆಯ ಒಂದು ಗುರುವಾರ ನಾನು ಫಾದರ್ ಅವರನ್ನು ನೋಡಲು ಹೋದೆ. ಮನೆಗೆ ಬಂದಿದ್ದರು, ವರಾಂಡದ ಕುರ್ಚಿಯಲ್ಲಿ ಇದ್ದರು. ಮುಖ ಮೊದಲಿನಂತಾಗಿತ್ತು, ಕಿವಿ ಇನ್ನೂ ಸ್ವಲ್ಪ ದಪ್ಪ. ಎಷ್ಟೋ ದಿನದಿಂದ ಗಂಟಲಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ. "ಮೂರನೇ ಸಲ ಕರೆದಾಗ ಯಾಕ ಸುಮ್ಮನಾದ್ರಿ, ಫಾದರ್?"

"ಬಾಯಿಯೊಳಗೆ ಒಂದು ಹುಳ ಹೋಗಿತ್ತು ಮಾರಾಯ್ರೆ," ಎಂದರು. "ಎರಡು ಸಲ ಉತ್ತರ ಕೊಟ್ಟದ್ದಕ್ಕೇ ಹೋದದ್ದು ಅದು. ನೀವು ಕರೆಯದೆ ಇದ್ದಿದ್ದರೆ ನಾನು ಬಾಯಿ ತೆರೀತಿರಲಿಲ್ಲ."

ಹೇಳಿ, ಬ್ಯಾಂಡ್ ಮಾಸ್ತರನ ಬಗ್ಗೆ ಏನೋ ಶುರು ಮಾಡಿ, ಅರ್ಧಕ್ಕೇ ನಿದ್ದೆಹೋದರು. ಸಣ್ಣಗೆ ಗೊರಕೆ. ಏರುತ್ತಿತ್ತು, ಇಳಿಯುತ್ತಿತ್ತು, ಒಮ್ಮೊಮ್ಮೆ ತಡೆದು ಮತ್ತೆ ಏರುತ್ತಿತ್ತು. ಕೊಡೆಯ ಕೆಳಗಿನಿಂದ ನನಗೆ ಕೇಳದೇ ಹೋದದ್ದು ಈ ಉಸಿರು. ಕೇಳುತ್ತ ಕೂತೆ. ಸಂಜೆಯ ಗಂಟೆ ಬಾರಿಸಿದರು. ಆಗ ಎದ್ದು ಬಂದೆ.

ಸರೋಜಾ ಅವತ್ತು ಮಧ್ಯಾಹ್ನವೇ ಸೋಲಾಪುರಕ್ಕೆ ಹೊರಟಿದ್ದಳು. ಅವಳ ತಂಗಿಯ ಮಗಳ ಕುಬಸ, ಬಸುರಿಗೆ ಹಸಿರು ಸೀರೆ ಉಡಿಸುವ ಕಾರ್ಯ. ಮುಟ್ಟಿದ ಕೂಡಲೇ ಫೋನ್ ಮಾಡಬೇಕು, ಊಟಕ್ಕೆ ಮುಂಚೆ ಒಂದು, ಮಲಗುವ ಮುಂಚೆ ಒಂದು ಎಂದು ನಾನು ಅವಳಿಂದ ಆಣೆ ಮಾಡಿಸಿಕೊಂಡಿದ್ದೆ. ಮನೆಗೆ ಬಂದು, ಬೂಟು ಬಿಚ್ಚಿ, ಫೋನನ್ನು ಎದೆಯ ಮೇಲಿಟ್ಟುಕೊಂಡು ದಿವಾನದ ಮೇಲೆ ಒರಗಿದೆ.

ಎಚ್ಚರವಾದದ್ದು ಬಾಗಿಲು ಬಡಿಯುವ ಸದ್ದಿಗೆ. ಮರುದಿನದ ಬಿಸಿಲು ದಿವಾನದವರೆಗೆ ಬಂದಿತ್ತು. ಬಾಗಿಲಲ್ಲಿ ಎದುರು ಮನೆಯ ಕುಲಕರ್ಣಿ ಕಾಕೂ, ಕೈಯಲ್ಲಿ ತಮ್ಮ ಫೋನು. ಅದರೊಳಗಿಂದ ಇಡೀ ಮೆಟ್ಟಿಲಿಗೆ ಕೇಳುವಂತೆ ಸರೋಜಾಳ ದನಿ.

"ಅದೀರೋ, ಹೋದ್ರೋ?"

"ಮಲಗಿದ್ದೆ."

ಅವಳು ಬೇರೆ ಯಾರಿಗೋ ಹೇಳಿದ್ದು ಕೇಳಿಸಿತು. "ಮಲಗಿದ್ರಂತ!" ಹಿಂದಿನಿಂದ ಹೆಂಗಸರ ದನಿಗಳು. ಮಲಗಿದ್ರಂತ, ಮಲಗಿದ್ರಂತ. ಸೋಲಾಪುರದ ಆ ಮನೆಯಲ್ಲಿ ರಾತ್ರಿಯೆಲ್ಲ ಒಬ್ಬರೂ ಕಣ್ಣು ಮುಚ್ಚಿರಲಿಲ್ಲ. ಬಸುರಿ ಹುಡುಗಿ ಕೂಡ. ಅವಳ ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿಟ್ಟಿದ್ದರಂತೆ. ನಾನು ಫೋನ್ ಎತ್ತಲಿಲ್ಲವೆಂದು ಕುಬಸದ ಹಾಡು ಬಿಟ್ಟು ಎಲ್ಲರೂ ನನ್ನ ಆಯುಷ್ಯದ ಚರ್ಚೆ ಮಾಡಿದ್ದಾರೆ.

"ತಪ್ಪಾತು," ಎಂದೆ. "ಯಾವಾಗ ಹೊರಡ್ತಿ?"

"ಮಧ್ಯಾಹ್ನದ ಗಾಡಿಗೆ. ಈಗ ನಾ ಒಂದೀಟು ಅಡ್ಡಾಗತೀನಿ. ಫೋನ್ ಇಡ್ರಿ."

ಕಾಕೂಗೆ ಫೋನ್ ಮರಳಿಸಿ, ಚಹಾಕ್ಕೆ ನೀರಿಟ್ಟೆ. ಅವಳ ಕಾಯುವ ಪಾಳಿ ಮುಗಿದಿತ್ತು. ಸೋಲಾಪುರದ ಗಾಡಿ ಯಾವಾಗಲೂ ತಡ. ಅಲ್ಲಿಂದ ಮುಂದೆ ಪಾಳಿ ನನ್ನದು.